ಏಳನೆಯ ಹೆನ್ರಿಗೆ ಮೂರೂವರೆ ನಕ್ಷತ್ರ

“ಐದಕ್ಕೆ ಮೂರೂವರೆ ಎಂದೆಯಲ್ಲ ಶೀನು, ಆ ಅರ್ಧ ನಕ್ಷತ್ರ ಯಾವ ಒಪ್ಪಂದದ ಬಾಬ್ತು ಎಂಬುದನ್ನು ಮೊದಲು ಹೇಳು,” ಎಂದರು ಮೇಷ್ಟ್ರು.

ದೋಸೆಗೆ, ಆಟೋ ಚಾಲಕರಿಗೆ, ಮದುವೆ ಮನೆಯ ಊಟಕ್ಕೆ ನಕ್ಷತ್ರ ಹಂಚಿ ಮುಗಿಸಿದ್ದ ಶೀನು ಈಗ ಇಂಗ್ಲೆಂಡಿನ ರಾಜರ ಕಡೆಗೆ ತಿರುಗಿದ್ದನು. 1485ರಿಂದ 1509ರವರೆಗೆ ಆಳಿದ ಏಳನೆಯ ಹೆನ್ರಿಯ ವಿದೇಶಾಂಗ ನೀತಿಯನ್ನು ಭದ್ರತೆ, ವ್ಯಾಪಾರ, ಸಂಬಂಧ, ಪ್ರತಿಷ್ಠೆ ಎಂದು ನಾಲ್ಕು ಪಾಲು ಮಾಡಿ, ಸರಾಸರಿ ತೆಗೆದು, ಫೋನನ್ನು ಎಲ್ಲರ ಮುಖದ ಮುಂದೆ ಒಂದು ಸುತ್ತು ಹಿಡಿದಿದ್ದನು. ಅರ್ಧ ಆಯುಷ್ಯವನ್ನು ಉತ್ತರಪತ್ರಿಕೆ ತಿದ್ದುವುದರಲ್ಲಿ ಸವೆಸಿದ ಮೇಷ್ಟ್ರಿಗೆ, ಸತ್ತು ಐನೂರು ವರ್ಷಗಳಾದ ಮೇಲೂ ಒಬ್ಬ ಮನುಷ್ಯನು ಅಂಕಗಳಿಂದ ಪಾರಾಗಲಿಲ್ಲವೆಂಬುದನ್ನು ಸಹಿಸಲು ಸಾಧ್ಯವಾಗಲಿಲ್ಲ.

“ಫ್ರಾನ್ಸಿನ ಪಕ್ಕದ ಬ್ರಿಟನಿ ಸೀಮೆಯ ಬಾಬ್ತು ಒಂದು ನಕ್ಷತ್ರ ಕಡಿದಿದ್ದೇನೆ,” ಎಂದ ಶೀನು ಧೈರ್ಯವಾಗಿ. “ರಾಜನಾಗುವ ಮೊದಲು ಹೆನ್ರಿ ಹದಿನಾಲ್ಕು ವರ್ಷ ತಲೆಮರೆಸಿಕೊಂಡಿದ್ದಾಗ ಆಶ್ರಯ ಕೊಟ್ಟ ಸೀಮೆ ಅದು. 1489ರಲ್ಲಿ ರೆಡಾನ್ ಒಪ್ಪಂದ ಮಾಡಿಕೊಂಡು ಅದರ ನೆರವಿಗೆ ಆರು ಸಾವಿರ ಸೈನಿಕರನ್ನು ಕಳುಹಿಸಿದ. ಆದರೂ 1491ರ ಡಿಸೆಂಬರಿನಲ್ಲಿ ಬ್ರಿಟನಿಯ ಒಡತಿ ಆ್ಯನ್ ಫ್ರಾನ್ಸಿನ ಎಂಟನೆಯ ಚಾರ್ಲ್ಸನನ್ನೇ ಮದುವೆಯಾದಳು, ಸೀಮೆ ಫ್ರಾನ್ಸಿನ ಕೈ ಸೇರಿತು. ಇದು ಸೋಲಲ್ಲವೇ?”

“ಸೋಲೇ. ಆದರೆ ಆ ಸೋಲಿಗೆ ಬಾಡಿಗೆ ವಸೂಲಿ ಮಾಡಿದವನು ಅವನೊಬ್ಬನೇ,” ಎಂದು ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. “1492ರ ಅಕ್ಟೋಬರಿನಲ್ಲಿ, ಯಾರೂ ಯುದ್ಧಕ್ಕೆ ಹೊರಡದ ಛಳಿಗಾಲದ ಹೊಸ್ತಿಲಲ್ಲಿ, ಕಡಲು ದಾಟಿ ಫ್ರಾನ್ಸಿನ ಬುಲೋನ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಚಾರ್ಲ್ಸನಿಗೋ ಇಟಲಿಯನ್ನು ಗೆಲ್ಲುವ ಹುಚ್ಚು ಹಿಡಿದಿತ್ತು. ಬೆನ್ನ ಹಿಂದೆ ಇಂಗ್ಲಿಷರ ಕಾಟವಿಲ್ಲದಿದ್ದರೆ ಸಾಕು ಎಂದು ನವೆಂಬರ್ 3ರಂದು ಎತಾಪ್ಲ್‌ನಲ್ಲಿ ಒಪ್ಪಂದಕ್ಕೆ ಒಪ್ಪಿದ. ಹೆನ್ರಿಗೆ 7,45,000 ಚಿನ್ನದ ಕ್ರೌನುಗಳು, ವರ್ಷಕ್ಕೆ ಐವತ್ತು ಸಾವಿರದಂತೆ; ಅದರ ಮೇಲೆ, ಹೆನ್ರಿಯ ವಿರುದ್ಧ ಎದ್ದವರಿಗೆ ಫ್ರಾನ್ಸಿನಲ್ಲಿ ಜಾಗವಿಲ್ಲ ಎಂಬ ವಾಗ್ದಾನ.”

ಹಣದ ಮಾತು ಬಂದೊಡನೆ ಬ್ಯಾಂಕಿನಿಂದ ನಿವೃತ್ತರಾದ ರಾಯರು ನೆಟ್ಟಗೆ ಕುಳಿತರು. “ಸರಿಸುಮಾರು ಹದಿನೈದು ವರ್ಷದ ಕಂತು. ಯುದ್ಧ ಮಾಡುತ್ತೇನೆಂದು ಪ್ರಜೆಗಳಿಂದ ಮೊದಲೇ ವಸೂಲಿ ಮಾಡಿದ್ದಾನೆ. ಯುದ್ಧ ಮಾಡುವುದಿಲ್ಲವೆಂದು ಶತ್ರುವಿನಿಂದಲೂ ವಸೂಲಿ ಮಾಡಿದ್ದಾನೆ. ಮೇಷ್ಟ್ರೇ, ಇಂಥ ಗಿರಾಕಿ ನಮ್ಮ ಶಾಖೆಗೆ ಒಬ್ಬನಾದರೂ ಬರಬೇಕಿತ್ತು. ಐದಕ್ಕೆ ಐದು ಕೊಡು ಶೀನು.”

“ಕೊಡಬಹುದು, ಆದರೆ ಯಾರಿಗೆ?” ಎಂದರು ಮೇಷ್ಟ್ರು. “ಚಾರ್ಲ್ಸನಿಗೆ ಇಟಲಿಯ ಹುಚ್ಚು ಹಿಡಿಯದಿದ್ದರೆ ಬುಲೋನ್ ಗೋಡೆಯ ಮುಂದೆ ಹೆನ್ರಿ ಛಳಿಯಲ್ಲಿ ನಡುಗುತ್ತ ಕೂರಬೇಕಾಗಿತ್ತು. ಹಾಗಾಗಿ ಎರಡು ನಕ್ಷತ್ರ ಇಟಲಿಯ ಲೆಕ್ಕಕ್ಕೆ ಹೋಗಬೇಕು. ಆ ಚಾರ್ಲ್ಸ್ 1498ರಲ್ಲಿ ತನ್ನದೇ ಅರಮನೆಯ ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿಸಿಕೊಂಡು ಸತ್ತ. ಅವನ ಉತ್ತರಾಧಿಕಾರಿಯೂ ಒಪ್ಪಂದವನ್ನು ಮುಂದುವರಿಸಿದ. ಇಲ್ಲದಿದ್ದರೆ ಬಾಗಿಲಿಗೂ ಒಂದು ಸೊನ್ನೆ ಕೊಡಬೇಕಾಗುತ್ತಿತ್ತು.”

ಶೀನು ಪಟ್ಟು ಬಿಡಲಿಲ್ಲ. ವ್ಯಾಪಾರದಲ್ಲಿ ರಾಜನ ತಪ್ಪು ನಿರ್ವಿವಾದ ಎಂಬುದು ಅವನ ವಾದ. ಹಿಂದಿನ ರಾಜ ನಾಲ್ಕನೆಯ ಎಡ್ವರ್ಡನ ಕಳೆದುಹೋದ ಮಗ ತಾನೇ ಎಂದು ಹೇಳಿಕೊಂಡು ತಿರುಗುತ್ತಿದ್ದ ಪರ್ಕಿನ್ ವಾರ್ಬೆಕ್ಕನಿಗೆ ಬರ್ಗಂಡಿಯ ಮಾರ್ಗರೆಟ್ ಬೆಂಬಲ ಕೊಟ್ಟಳೆಂಬ ಸಿಟ್ಟಿಗೆ 1493ರಲ್ಲಿ ಹೆನ್ರಿ, ಬರ್ಗಂಡಿ ಮನೆತನದ ಆಳ್ವಿಕೆಯಲ್ಲಿದ್ದ ನೆದರ್ಲೆಂಡ್ಸ್ ಜೊತೆಗಿನ ವ್ಯಾಪಾರವನ್ನೇ ನಿಲ್ಲಿಸಿದನು. ಇಂಗ್ಲೆಂಡಿನ ಬಟ್ಟೆಗೆ ಅದಕ್ಕಿಂತ ದೊಡ್ಡ ಮಾರುಕಟ್ಟೆ ಇರಲಿಲ್ಲ. ತಮ್ಮ ಕೆಲಸ ನಿಂತು, ಜರ್ಮನಿಯ ಹಾನ್ಸಾ ವರ್ತಕರ ವ್ಯಾಪಾರ ಮಾತ್ರ ನಡೆಯುತ್ತಿರುವುದನ್ನು ಕಂಡ ಲಂಡನ್ನಿನ ಹುಡುಗರು ಅವರ ಉಗ್ರಾಣದ ಮೇಲೆಯೇ ಬಿದ್ದರು. 1496ರ ಫೆಬ್ರವರಿಯಲ್ಲಿ ದೊಡ್ಡ ವ್ಯಾಪಾರ ಒಪ್ಪಂದವಾಗುವವರೆಗೆ ನಷ್ಟ ನಷ್ಟವೇ.

“ಕಿರೀಟ ಉಳಿದರೆ ಬಟ್ಟೆ ಆಮೇಲೆ ಮಾರಬಹುದು, ಬಟ್ಟೆ ಎಷ್ಟೇ ಮಾರಿದರೂ ಹೋದ ಕಿರೀಟ ಬರುವುದಿಲ್ಲ,” ಎಂದರು ಮೇಷ್ಟ್ರು. “ನೀನು ನಾಲ್ಕು ಕಲಮುಗಳಲ್ಲಿ ಅಂಕ ಹಾಕುತ್ತಿದ್ದೀಯೆ. ಅವನ ತಲೆಯಲ್ಲಿ ಇದ್ದದ್ದು ಒಂದೇ ಕಲಮು. ತಾನು ಎರಡು ಸಾವಿರ ಫ್ರೆಂಚ್ ಸೈನಿಕರನ್ನೋ ಎಷ್ಟನ್ನೋ ಸಾಲ ತಂದು, ಬಾಸ್ವರ್ತ್ ಕದನದಲ್ಲಿ ಒಂದು ಬೆಳಗಿನಲ್ಲಿ ರಾಜನಾದವನು. ಹೊರದೇಶದ ನೆರವಿನಿಂದ ಸಿಂಹಾಸನ ಹತ್ತುವುದು ಎಷ್ಟು ಸುಲಭವೆಂಬುದು ಅವನಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತಿತ್ತು? ಅದಕ್ಕೇ ಪ್ರತಿಯೊಂದು ಒಪ್ಪಂದದಲ್ಲೂ, ನನ್ನ ಶತ್ರುವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂಬ ಒಂದು ಸಾಲನ್ನು ತುರುಕುತ್ತಿದ್ದ.”

“ಹಾಗಾದರೆ ಸ್ಕಾಟ್ಲೆಂಡಿನವರು ಇಟ್ಟುಕೊಂಡರಲ್ಲ?” ಎಂದರು ರಾಯರು. ಅದೂ ನಿಜ. ನಾಲ್ಕನೆಯ ಜೇಮ್ಸ್ 1495ರಲ್ಲಿ ವಾರ್ಬೆಕ್ಕನನ್ನು ಬರಮಾಡಿಕೊಂಡು, ತನ್ನ ಬಂಧುವರ್ಗದ ಕ್ಯಾಥರೀನ್ ಗಾರ್ಡನ್‌ಳನ್ನು ಕೊಟ್ಟು ಮದುವೆಯನ್ನೂ ಮಾಡಿಸಿದ್ದನು. ಇದರಿಂದ ಸ್ಕಾಟ್ಲೆಂಡಿನ ಮೇಲೆ ಹೂಡಿದ ಯುದ್ಧದ ತೆರಿಗೆ ನಮಗೇಕೆ ಎಂದು ಕಾರ್ನ್‌ವಾಲಿನ ಜನ 1497ರ ಜೂನಿನಲ್ಲಿ ಲಂಡನ್ನಿನ ಬಾಗಿಲಲ್ಲಿರುವ ಬ್ಲಾಕ್‌ಹೀತ್‌ವರೆಗೆ ನಡೆದುಬಂದರು. ಆದರೆ ಅದೇ ಜೇಮ್ಸನಿಗೆ 1503ರಲ್ಲಿ ಹೆನ್ರಿಯ ಮಗಳು ಮಾರ್ಗರೆಟ್ ಹೆಂಡತಿಯಾಗಿ ಹೋದಳು. ಒಪ್ಪಂದಕ್ಕೆ ‘ಶಾಶ್ವತ ಶಾಂತಿ’ ಎಂದು ಹೆಸರಿಟ್ಟರು. ಆ ಶಾಶ್ವತವು ಹತ್ತೇ ವರ್ಷಕ್ಕೆ ಮುಗಿದು, 1513ರಲ್ಲಿ ಫ್ಲಾಡನ್ ಕದನದಲ್ಲಿ ಅಳಿಯ ಜೇಮ್ಸನು ಭಾಮೈದ ಎಂಟನೆಯ ಹೆನ್ರಿಯ ಸೈನ್ಯದ ಕೈಯಲ್ಲಿ ಸತ್ತನು.

“ಒಂದು ನಕ್ಷತ್ರ,” ಎಂದು ಶೀನು ಬೆರಳು ಒತ್ತಲು ಹೊರಟ.

“ತಡೆ,” ಎಂದರು ಮೇಷ್ಟ್ರು. “ಯಾವ ತಾರೀಖಿನ ಮೌಲ್ಯಮಾಪನ ನಿನ್ನದು? 1513ರಲ್ಲಿ ತಿದ್ದಿದರೆ ಈ ಮದುವೆ ಅನುತ್ತೀರ್ಣ. 1603ರಲ್ಲಿ ತಿದ್ದಿದರೆ ಅದೇ ಮಾರ್ಗರೆಟ್‌ಳ ಮರಿಮಗ ಎರಡು ರಾಜ್ಯಗಳಿಗೂ ರಾಜನಾಗಿ ಕುಳಿತಿದ್ದಾನೆ, ಪ್ರಥಮ ರ‍್ಯಾಂಕ್. ಸ್ಪೇನಿನದನ್ನು ನೋಡು. 1489ರ ಮೆದೀನಾ ದೆಲ್ ಕಾಂಪೊ ಒಪ್ಪಂದದಲ್ಲಿ ಹೆನ್ರಿಯ ಹಿರಿಯ ಮಗ ಆರ್ಥರನಿಗೂ ಸ್ಪೇನಿನ ರಾಜಕುಮಾರಿ ಕ್ಯಾಥರೀನಳಿಗೂ ಗೊತ್ತಾದ ಸಂಬಂಧ 1501ರ ನವೆಂಬರ್ 14ರಂದು ಸೇಂಟ್ ಪಾಲ್ಸ್‌ನಲ್ಲಿ ಮದುವೆಯಾಯಿತು. ಅಂದು ತಿದ್ದಿದ್ದರೆ ನೂರಕ್ಕೆ ನೂರು. 1502ರ ಏಪ್ರಿಲ್ 2ರಂದು ಲಡ್ಲೊ ಕೋಟೆಯಲ್ಲಿ ವರ ಆರ್ಥರ್ ತೀರಿಕೊಂಡ. ಅಂದು ತಿದ್ದಿದ್ದರೆ ಸೊನ್ನೆ. ಅದೇ ಅಭ್ಯರ್ಥಿ, ಅದೇ ಉತ್ತರ, ಐದು ತಿಂಗಳೂ ಆಗಿಲ್ಲ. ಇನ್ನು 1506ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿದ ನೆದರ್ಲೆಂಡ್ಸಿನ ದೊರೆ ಬರ್ಗಂಡಿಯ ಫಿಲಿಪ್ ಇಂಗ್ಲೆಂಡಿನ ಡಾರ್ಸೆಟ್ ದಡಕ್ಕೆ ಬಂದು ಬಿದ್ದ. ಹೆನ್ರಿ ವಿಂಡ್ಸರಿನಲ್ಲಿ ಉಪಚಾರ ಮಾಡಿ, ಬಿಟ್ಟುಕೊಡುವ ಮೊದಲು ಒಪ್ಪಂದಗಳಿಗೆ ಸಹಿ ಹಾಕಿಸಿಕೊಂಡ, ಫಿಲಿಪನ ಸೀಮೆಯಲ್ಲಿ ಅಡಗಿದ್ದ, ಸಿಂಹಾಸನಕ್ಕೆ ಹಕ್ಕು ಹೇಳುತ್ತಿದ್ದ ಸಫೋಕಿನ ಅರ್ಲ್‌ನನ್ನೂ ತರಿಸಿಕೊಂಡ. ಸೆಪ್ಟೆಂಬರಿನಲ್ಲಿ ಫಿಲಿಪ್ ಸತ್ತ, ಬಹುಪಾಲು ಲಾಭ ಕರಗಿತು. ಆ ಜನವರಿಯ ನಕ್ಷತ್ರಗಳನ್ನು ಗಾಳಿಗೆ ಕೊಡುತ್ತೀಯೋ, ಸೆಪ್ಟೆಂಬರಿನಲ್ಲಿ ಕಿತ್ತವನ್ನು ಜ್ವರಕ್ಕೆ ಹಾಕುತ್ತೀಯೋ?”

ಇಷ್ಟು ಹೊತ್ತು ಹುರಿಗಾಳು ಹಂಚುತ್ತಿದ್ದ ಪದ್ದಕ್ಕನು ಡಬ್ಬಿಯ ಮುಚ್ಚಳ ಹಾಕಿ ಕೇಳಿದಳು: “ಆರ್ಥರ್ ಹೋದ ಮೇಲೆ ಆ ಹುಡುಗಿಯ ಗತಿಯೇನಾಯಿತು?”

ಅದು ಯಾರ ಕೋಷ್ಟಕದಲ್ಲೂ ಇರಲಿಲ್ಲ. ಕ್ಯಾಥರೀನ್‌ಳಿಗೆ ಆಗ ಹದಿನಾರು ವರ್ಷ. ವರದಕ್ಷಿಣೆ ಎರಡು ಲಕ್ಷ ಕ್ರೌನು, ಅದರಲ್ಲಿ ಅರ್ಧ ಸಂದಾಯವಾಗಿತ್ತು. ಉಳಿದರ್ಧ ಬರಲಿ ಎಂದು ಮಾವನೂ, ಕೊಟ್ಟದ್ದು ವಾಪಸು ಬರಲಿ ಎಂದು ತಂದೆಯೂ ಜಗ್ಗುತ್ತಿದ್ದಾಗ, ಮೈದುನನಿಗೆ ಅವಳನ್ನು ಕೊಡುವ ಮಾತು ಒಮ್ಮೆ ಹೌದು, ಒಮ್ಮೆ ಅಲ್ಲ ಎಂದು ಏಳು ವರ್ಷ ನಡೆಯಿತು. 1506ರಲ್ಲಿ ಅವಳು ತಂದೆಗೆ ಬರೆದ ಕಾಗದದಲ್ಲಿ, ಕೈಯ ಬಳೆಗಳನ್ನು ಮಾರಿ ಒಂದು ಕಪ್ಪು ಮಖಮಲ್ಲಿನ ಉಡುಪು ಕೊಂಡೆ, ಉಡಲು ಬೇರೆ ಗತಿಯಿರಲಿಲ್ಲ ಎಂದಿದ್ದಾಳೆ. ಆರ್ಥರನ ಜೊತೆಗಿನ ಮೊದಲ ಮದುವೆಗೆ ದಾರಿ ಸುಗಮವಾಗಲೆಂದೇ, ಹತ್ತನೆಯ ವಯಸ್ಸಿನಲ್ಲಿ ಟವರ್ ಕೋಟೆ ಸೇರಿ ಅಲ್ಲಿಯೇ ಬೆಳೆದ ವಾರಿಕ್ಕಿನ ಅರ್ಲ್‌ನ ತಲೆಯನ್ನು 1499ರಲ್ಲಿ ಕಡಿಸಿದರೆಂಬ ಮಾತೂ ಇದೆ. ಸಿಂಹಾಸನಕ್ಕೆ ಹಕ್ಕು ಹೇಳಬಲ್ಲ ರಕ್ತ ಇನ್ನು ಉಳಿದಿಲ್ಲವೆಂದು ಸ್ಪೇನಿನ ರಾಯಭಾರಿ ಸಮಾಧಾನದಿಂದಲೇ ತನ್ನ ದೊರೆಗೆ ಬರೆದನು.

“ಇದನ್ನು ಯಾವ ಕಲಮಿಗೆ ಹಾಕುತ್ತೀರಿ?” ಎಂದಳು ಪದ್ದಕ್ಕ.

ರಾಯರು, ಹಳೆಯ ರಾಜ ತೀರಿಕೊಂಡು ಎರಡು ತಿಂಗಳಾಗುವ ಮೊದಲೇ ಎಂಟನೆಯ ಹೆನ್ರಿ ಅವಳನ್ನು ಮದುವೆಯಾದನಲ್ಲ ಎಂದು ಮೆಲ್ಲಗೆ ಸಮಾಧಾನ ಹೇಳಲು ಹೋದರು. ಆ ಮದುವೆಯನ್ನು ಮುಂದೆ ಅವನೇ ಮುರಿದನೆಂಬುದು ಅವರಿಗೇ ನೆನಪಾಗಿ ಹುರಿಗಾಳಿನ ಕಡೆಗೆ ಕೈ ಚಾಚಿದರು, ಡಬ್ಬಿ ಮುಚ್ಚಿತ್ತು.

ಶೀನು ಅಷ್ಟಕ್ಕೆ ಸೋಲುವವನಲ್ಲ. “ಅಂಕ ಹಾಕುವುದು ನನ್ನ ಕಾಲದ ರೋಗವೆಂದು ತಾನೇ ನಿಮ್ಮ ಸಿಟ್ಟು? 1505ರಲ್ಲಿ ವಿಧುರನಾಗಿದ್ದ ಇದೇ ಹೆನ್ರಿ, ನೇಪಲ್ಸಿನ ಕಿರಿಯ ರಾಣಿಯನ್ನು ನೋಡಿಬರಲು ದೂತರನ್ನು ಕಳುಹಿಸಿದಾಗ ಕೈಗೆ ಇಪ್ಪತ್ತನಾಲ್ಕು ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದ. ಕುತ್ತಿಗೆ ಹೇಗಿದೆ, ಮೇಲ್ದುಟಿಯ ಮೇಲೆ ಕೂದಲಿದೆಯೇ, ಉಸಿರಿಗೆ ವಾಸನೆಯಿದೆಯೇ! ದೂತರು ಹತ್ತಿರ ಹೋಗಿ ಮೂಸಿ, ಒಂದೊಂದಕ್ಕೂ ಉತ್ತರ ಬರೆದು ತಂದರು.”

“ಬಂದರು, ತುಟಿಯಲ್ಲಿಯೂ ಉಸಿರಿನಲ್ಲಿಯೂ ಅವಳು ಉತ್ತೀರ್ಣಳು. ಆಸ್ತಿಯ ಪತ್ರಿಕೆಯಲ್ಲಿ ಮಾತ್ರ ಅಂಕ ಸಾಲದಾಯಿತು, ಮದುವೆ ನಿಂತಿತು,” ಎಂದರು ಮೇಷ್ಟ್ರು. ಮುಖದಲ್ಲಿ ಸೋಲಿನ ಛಾಯೆಯೇನೂ ಇರಲಿಲ್ಲ. “ಅಂಕ ಹಾಕಿ ಹಾಕಿ ಕೊನೆಗೆ ಏನಾದ? ಯಾರನ್ನೂ ಮದುವೆಯಾಗದೆ ಉಳಿದ. 1508ರ ಡಿಸೆಂಬರಿನಲ್ಲಿ ಯುರೋಪಿನ ದೊಡ್ಡವರೆಲ್ಲ ಕಾಂಬ್ರೇಯಲ್ಲಿ ಕೂಟ ಕಟ್ಟಿದಾಗ ಇವನು ಹೊರಗಿದ್ದ, ನಾಲ್ಕು ತಿಂಗಳಿಗೆ ಸತ್ತ. ಆದರೆ ಕಿರೀಟ ಮಾತ್ರ ಒಂದು ಬಾಣವೂ ಹಾರದೆ ಮಗನ ತಲೆಗೇರಿತು. ಅವನು ಬರೆಯಲು ಕುಳಿತ ಪ್ರಶ್ನೆ ಅದೊಂದೇ, ಉಳಿದ ಪ್ರಶ್ನೆಗಳನ್ನೆಲ್ಲ ಆಮೇಲೆ ನಾವು ಅಚ್ಚು ಹಾಕಿಸಿದ್ದು. ಇನ್ನು ಜನರಿಗೆ ಅಂಕ ಹಾಕುವ ಚಟ ಅವನಿಗೆ ಇತ್ತೆಂಬುದನ್ನು ಒಪ್ಪಿದೆ. ಯಾರನ್ನು ನಂಬಬೇಕು, ಯಾರ ಮೇಲೆ ಕಣ್ಣಿಡಬೇಕು ಎಂದು ಸ್ವಹಸ್ತದಿಂದ ಬರೆದಿಟ್ಟ ಒಂದು ಟಿಪ್ಪಣಿ ಪುಸ್ತಕವಿತ್ತಂತೆ. ಅವನು ಸಾಕಿದ್ದ ಕೋತಿ ಒಂದು ದಿನ ಅದನ್ನು ಚೂರುಚೂರು ಮಾಡಿತು ಎಂದು ನೂರು ವರ್ಷಗಳ ನಂತರ ಫ್ರಾನ್ಸಿಸ್ ಬೇಕನ್ ಬರೆದಿದ್ದಾನೆ. ಆಸ್ಥಾನದವರಿಗೆಲ್ಲ ಒಳಗೊಳಗೇ ಹಬ್ಬವಾಯಿತಂತೆ. ವಿದೇಶಾಂಗ ನೀತಿಯ ಮೌಲ್ಯಮಾಪಕರಲ್ಲಿ ನಾನು ಗೌರವಿಸುವುದು ಆ ಒಬ್ಬರನ್ನು.”

ಶೀನು ನಕ್ಕನು. ರಾಯರ ಮುಖ ಮಾತ್ರ ಬಾಡಿತ್ತು. “ಹರಿದದ್ದು ಟಿಪ್ಪಣಿ ಪುಸ್ತಕವನ್ನು ಮಾತ್ರವೇ, ಲೆಕ್ಕದ ಪುಸ್ತಕಗಳನ್ನೂ ಹರಿಯಿತೇ?” ಎಂದು ಆತಂಕದಿಂದ ಕೇಳಿದರು.

ಲೆಕ್ಕದ ಪುಸ್ತಕಗಳು ರಾಜನ ರುಜುವಿನ ಸಹಿತ ಇಂದಿಗೂ ಲಂಡನ್ನಿನಲ್ಲಿ ಭದ್ರವಾಗಿವೆ ಎಂದು ಮೇಷ್ಟ್ರು ಎರಡು ಸಲ ಹೇಳಿದ ಮೇಲೆಯೇ ಅವರು ಒರಗಿ ಕುಳಿತದ್ದು.