ಸಾವೊ ಮಿಗೆಲ್ ದ್ವೀಪದಲ್ಲಿ ನಾಲ್ಕು ದಿನ, ಜೊತೆಗೆ ಅಪ್ಪ-ಅಮ್ಮ: ಗೊತ್ತಿದ್ದವರು ತಿಳಿಸಿ

ಪ್ರಶ್ನೆ: ಜೂನ್ ಕೊನೆಯ ವಾರ ಡಬ್ಲಿನ್‌ನಿಂದ ಅಜೋರ್ಸ್‌ನ ಸಾವೊ ಮಿಗೆಲ್‌ಗೆ ಹೊರಟಿದ್ದೇವೆ. ಊರಿಂದ ಬರುವ ಅಪ್ಪ-ಅಮ್ಮನೂ ಇರುತ್ತಾರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಎಲ್ಲರೂ ಸಸ್ಯಾಹಾರಿಗಳು. ಮೊದಲ ದಿನ ಸೆತೆ ಸಿದಾದೆಸ್, ಎರಡನೇ ದಿನ ಲಗೋವಾ ದೊ ಫೋಗೊ, ಮೂರನೇ ದಿನ ಫುರ್ನಾಸ್, ಕೊನೆಯ ದಿನ ತಿಮಿಂಗಿಲ ನೋಡುವ ದೋಣಿ ಅಂದುಕೊಂಡಿದ್ದೇವೆ. ಸರಿಯಿದೆಯಾ?

ಉತ್ತರ 1: ಮೊದಲು ವೀಸಾ ವಿಷಯ. ಅಜೋರ್ಸ್ ಪೋರ್ಚುಗಲ್‌ಗೆ ಸೇರಿದ್ದು, ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ವ್ಯಾಪ್ತಿಯಲ್ಲಿದೆ. ಐರ್ಲೆಂಡ್ ಅದರಲ್ಲಿಲ್ಲ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ-ಅಮ್ಮನಿಗೆ ಐರಿಷ್ ವೀಸಾ ಸಾಲದು. ಷೆಂಗೆನ್ ವೀಸಾವನ್ನು ಅವರು ಊರಲ್ಲಿರುವಾಗಲೇ ಮಾಡಿಸಿಬಿಡಿ.

ಇನ್ನು ನಿಮ್ಮ ಪಟ್ಟಿ. ಜಾಗಗಳೆಲ್ಲ ಸರಿ, ದಿನಕ್ಕೊಂದು ಅಂತ ಮೊದಲೇ ಕಟ್ಟಿಹಾಕಿದ್ದು ಮಾತ್ರ ಸರಿಯಿಲ್ಲ. ಸೆತೆ ಸಿದಾದೆಸ್ ಮತ್ತು ಲಗೋವಾ ದೊ ಫೋಗೊ ಎರಡೂ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆಗಳು. ಅವನ್ನು ನೋಡುವುದು ಬಾಯಿಯ ಅಂಚಿನಿಂದ, ಅಂದರೆ 500 ಮೀಟರಿಗೂ ಮೇಲಿನಿಂದ. ಸಮುದ್ರದ ತೇವಗಾಳಿ ಗುಡ್ಡಕ್ಕೆ ತಾಗಿ ಮೇಲೇರಿ ತಣಿದು ಮೋಡವಾಗುವುದೂ ಅಲ್ಲೇ. ಕೆಳಗೆ ದ್ವೀಪದ ಮುಖ್ಯ ಪಟ್ಟಣ ಪೊಂತಾ ದೆಲ್ಗಾದಾದಲ್ಲಿ ಬಿಸಿಲು ಚುರ್ ಅನ್ನುತ್ತಿದ್ದರೂ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ, ಹತ್ತಡಿ ಮುಂದಿನದೂ ಕಾಣದು.

ಬೆಳಿಗ್ಗೆ ಹೊರಡುವ ಮೊದಲು ಸ್ಪಾಟ್‌ಅಜೋರ್ಸ್ ತಾಣದ ನೇರ ಕ್ಯಾಮೆರಾ ನೋಡಿ. ಎರಡರಲ್ಲಿ ಯಾವುದು ತೆರೆದಿದೆಯೋ ಅಲ್ಲಿಗೆ ಹೋಗಿ. ಎರಡೂ ಮುಚ್ಚಿದ್ದರೆ ಫುರ್ನಾಸ್. ಅದು ಕಣಿವೆ, ಬಿಸಿನೀರಿನ ಜಾಗ, ಮಳೆಯಲ್ಲೂ ದಿನ ವ್ಯರ್ಥವಾಗುವುದಿಲ್ಲ.

ಸೆತೆ ಸಿದಾದೆಸ್‌ನಲ್ಲಿ ಅಮ್ಮನಿಗೆ ವಿಸ್ತಾ ದೊ ರೇಯ್ ಸಾಕು. ಕಾರು ನಿಲ್ಲಿಸಿದ ಪಕ್ಕದಲ್ಲೇ ನೋಟ. ಕೆರೆಯ ನಡುವಿನ ಸೇತುವೆಯ ಒಂದು ಕಡೆ ನೀಲಿ ಕೆರೆ, ಇನ್ನೊಂದು ಕಡೆ ಹಸಿರು ಕೆರೆ ಎಂದು ಪಟದಲ್ಲಿ ಕಾಣುವ ಬಣ್ಣ ಬೇಕಿದ್ದರೆ ಬಿಸಿಲು ನೀರಿನ ಮೇಲೆ ಬೀಳಬೇಕು. ಮೋಡವಿದ್ದರೆ ಎರಡೂ ಬೂದು. ಹೆಚ್ಚು ಹೆಸರಾದ ಬೋಕಾ ದೊ ಇನ್‌ಫೆರ್ನೊ ನೋಟಕ್ಕೆ ಕಾಡುದಾರಿಯಲ್ಲಿ ಕಾಲು ಗಂಟೆ ನಡಿಗೆ, ಕೊನೆಗೆ ಮೆಟ್ಟಿಲೂ ಇದೆ. ನೀವು ಹೋಗಿ ಬರುವವರೆಗೆ ಅವರು ಅಲ್ಲೇ ಇರುವ ಲಗೋವಾ ದೊ ಕನಾರಿಯೊ ಎಂಬ ಚಿಕ್ಕ ಕೆರೆಯ ಹತ್ತಿರ ಕೂತಿರಬಹುದು.

ಲಗೋವಾ ದೊ ಫೋಗೊ ರಸ್ತೆಗೆ ಬೇಸಿಗೆಯಲ್ಲಿ ಹಗಲು ಹೊತ್ತು ಖಾಸಗಿ ಕಾರು ತಡೆದು ಶಟಲ್ ಬಸ್ ಬಿಡುವುದುಂಟು. ಹೋಗುವ ವಾರದ ನಿಯಮ ನೋಡಿಕೊಳ್ಳಿ. ಕೆರೆಯ ದಡಕ್ಕಿಳಿಯುವ ಕಾಲುದಾರಿ ಕಡಿದಾಗಿದೆ, ಮಂಡಿನೋವಿದ್ದವರಿಗೆ ಬೇಡವೇ ಬೇಡ.

ಉತ್ತರ 2: ದೋಣಿಯನ್ನು ಕೊನೆಯ ದಿನಕ್ಕೆ ಇಡಬೇಡಿ. ಅಲೆ ಜೋರಿದ್ದರೆ ಹೊರಡುವುದೇ ಇಲ್ಲ, ಆಮೇಲೆ ಬದಲಿ ದಿನ ಸಿಗುವುದಿಲ್ಲ. ಮೊದಲ ಅಥವಾ ಎರಡನೇ ದಿನಕ್ಕೆ ಬುಕ್ ಮಾಡಿ. ರಬ್ಬರಿನ ಜೋಡಿಯಾಕ್ ದೋಣಿಯಲ್ಲಿ ಕುದುರೆ ಮೇಲೆ ಕೂತಂತೆ ಕೂರಬೇಕು, ಪ್ರತಿ ಅಲೆಗೂ ಬೆನ್ನುಮೂಳೆಗೆ ಪೆಟ್ಟು. ಹಿರಿಯರಿಗೆ ಕ್ಯಾಟಮರಾನ್ (ಜೋಡಿ ತಳದ ದೊಡ್ಡ ದೋಣಿ) ಅಂತ ಕೇಳಿ ತೆಗೆದುಕೊಳ್ಳಿ. ನೀಲಿ ತಿಮಿಂಗಿಲ ಹಾದುಹೋಗುವುದು ವಸಂತದಲ್ಲಿ. ಜೂನ್ ಕೊನೆಗೆ ಸ್ಪರ್ಮ್ ತಿಮಿಂಗಿಲ ಮತ್ತು ಡಾಲ್ಫಿನ್ ಎಂದುಕೊಂಡು ಹೋಗಿ.

ಪೊಂತಾ ದಾ ಫೆರಾರಿಯಾ ನಿಮ್ಮ ಪಟ್ಟಿಯಲ್ಲಿಲ್ಲ. ಕಪ್ಪು ಲಾವಾ ಬಂಡೆಗಳ ನಡುವೆ ಸಮುದ್ರದೊಳಗೇ ಬಿಸಿ ಬುಗ್ಗೆ ಬರುವ ಜಾಗ ಅದು. ಭರತದಲ್ಲಿ ಹೋದವರು "ಬರೀ ತಣ್ಣೀರು" ಎಂದು ಬೈದುಕೊಂಡು ಬರುತ್ತಾರೆ. ಇಳಿತದ ಹೊತ್ತಿನ ಆಸುಪಾಸಿನಲ್ಲಿ ಮಾತ್ರ ಬಿಸಿ ತಿಳಿಯುತ್ತದೆ, ಆಗ ಬುಗ್ಗೆಯ ಬಾಯಿಯ ತೀರಾ ಹತ್ತಿರ ಹೋದರೆ ಸುಡುತ್ತದೆ. ಇಳಿಯಲು ಏಣಿ, ಹಿಡಿಯಲು ಹಗ್ಗ. ನಿಮಗೆ ಚೆನ್ನ, ಅಮ್ಮನಿಗಲ್ಲ. ಅಲೆ ಎತ್ತರವಿದ್ದರೆ ಯಾರೂ ಇಳಿಯಬೇಡಿ, ಬಂಡೆ ಚೂಪು.

ಉತ್ತರ 3: ಫುರ್ನಾಸ್ ಬಗ್ಗೆ. ಕೆರೆ ಪಕ್ಕದ ಬಿಸಿನೆಲದಲ್ಲಿ ಗುಂಡಿ ತೋಡಿ, ಬೆಳಗಿನ ಜಾವ ಪಾತ್ರೆ ಇಳಿಸಿ, ಮೇಲೆ ಮಣ್ಣು ಮುಚ್ಚುತ್ತಾರೆ. ಸುಮಾರು ಆರು ಗಂಟೆ ಬೇಯುವ ಈ ಅಡುಗೆಯೇ ಕೊಜೀದು. ತೆಗೆಯುವುದು ಮಧ್ಯಾಹ್ನದ ಹೊತ್ತಿಗೆ, ಅದನ್ನು ನೋಡಬೇಕಿದ್ದರೆ ಹನ್ನೊಂದೂವರೆಗೆಲ್ಲ ಅಲ್ಲಿರಿ. ಒಂದೇ ಪಾತ್ರೆಯಲ್ಲಿ ದನ, ಹಂದಿ, ಕೋಳಿ ಮಾಂಸದ ಜೊತೆ ತರಕಾರಿ ಬೇಯುವುದರಿಂದ, ಬರೀ ತರಕಾರಿ ಬಡಿಸಿದರೂ ಅದು ಸಸ್ಯಾಹಾರವಲ್ಲ. ಬೇರೆ ಪಾತ್ರೆ ಇಡುತ್ತಾರೆಯೇ ಎಂದು ಹೋಟೆಲಿಗೆ ಒಂದೆರಡು ದಿನ ಮೊದಲೇ ಕೇಳಿ, ಏಕೆಂದರೆ ಅಂದು ಬೆಳಗಾಗುವಷ್ಟರಲ್ಲಿ ಪಾತ್ರೆಗಳೆಲ್ಲ ನೆಲದೊಳಗಿರುತ್ತವೆ. ಊರೊಳಗೆ ಕುದಿಯುವ ಬುಗ್ಗೆಯಲ್ಲಿ ಬೇಯಿಸಿದ ಮುಸುಕಿನ ಜೋಳ ಸಿಗುತ್ತದೆ, ಅದನ್ನು ಧೈರ್ಯವಾಗಿ ತಿನ್ನಿ. ಅಲ್ಲಿ ಬೆಳೆಯುವ ಇನ್ಯಾಮ್ ಎಂದರೆ ನಮ್ಮ ಕೆಸುವಿನ ಗೆಡ್ಡೆಯೇ. ಪತ್ರೊಡೆ ಮಾಡುವವರ ಮನೆಯವರು ಎಲೆ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ತೆರ್ರಾ ನೊಸ್ತ್ರಾ ತೋಟದ ದೊಡ್ಡ ಕೊಳದ ನೀರಿಗೆ ಕೆಮ್ಮಣ್ಣು ಕದಡಿದ ಬಣ್ಣ. ನೀರಲ್ಲಿ ಕರಗಿ ಬರುವ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಆ ತುಕ್ಕು ಬಟ್ಟೆಯ ನೂಲಿನಲ್ಲಿ ಕೂತರೆ ಸೋಪಿಗೆ ಬಗ್ಗುವುದಿಲ್ಲ. ಹಳೆಯ, ಕಡುಬಣ್ಣದ ಈಜುಡುಗೆ ಮತ್ತು ಟವೆಲ್ ಇರಲಿ. ನೀರು ಬಿಸಿಯಾಗಿ ಹಿತವಾಗಿರುತ್ತದೆ, ಆದರೆ ಒಳಗಿನ ಮೆಟ್ಟಿಲು ಕಾಣುವುದಿಲ್ಲ. ಅಮ್ಮನ ಕೈ ಹಿಡಿದು, ಕಂಬಿ ಇರುವ ಕಡೆಯಿಂದಲೇ ಇಳಿಸಿ. ಅದಕ್ಕೂ ಮೊದಲು ಬೆಳ್ಳಿಯ ಕಾಲುಂಗುರ, ಗೆಜ್ಜೆ ತೆಗೆಸಿಡಿ. ಗಂಧಕದ ಅನಿಲ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಬಿ.ಪಿ. ಇರುವವರು ಹತ್ತು ಹದಿನೈದು ನಿಮಿಷಕ್ಕೆ ಎದ್ದು, ನೀರು ಕುಡಿದು, ಬೇಕಿದ್ದರೆ ಮತ್ತೆ ಇಳಿಯಲಿ. ಆಸ್ತಮಾ ಇದ್ದರೆ ಬಿಸಿ ಬುಗ್ಗೆಗಳಿಂದೇಳುವ ಹೊಗೆ ಬೀಸುವ ದಿಕ್ಕಿನಲ್ಲಿ ನಿಲ್ಲಬಾರದು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಫುರ್ನಾಸ್‌ನಲ್ಲಿ ಒಂದು ರಾತ್ರಿ ಉಳಿಯಬೇಕಾ? ಉಳಿದ ದಿನ ಊಟಕ್ಕೇನು?

ಉತ್ತರ 3: ಉಳಿಯಿರಿ. ಪೋಸಾ ದಾ ದೋನಾ ಬೇಜಾದ ಬಿಸಿಕೊಳಗಳು ರಾತ್ರಿಯೂ ತೆರೆದಿರುತ್ತವೆ. ತಂಪು ಗಾಳಿ, ಮೇಲೇಳುವ ಹಬೆ, ಹಗಲಿನ ಬಸ್ಸಿನ ಜನ ಇರುವುದಿಲ್ಲ. ಟಿಕೆಟ್ ಮೊದಲೇ ತೆಗೆದಿಡಿ. ಮರುದಿನ ಉತ್ತರ ಕರಾವಳಿ ಹಿಡಿದು ಬಂದರೆ ಗೊರಿಯಾನಾ ಚಹಾ ತೋಟ ಸಿಗುತ್ತದೆ. 1883ರಿಂದ ನಡೆಯುತ್ತಿದೆ, ಕಾರ್ಖಾನೆ ನೋಡಿ ಚಹಾ ಸವಿಯಲು ಕಾಸಿಲ್ಲ. ಹಾಲು-ಸಕ್ಕರೆಯ ಚಹಾ ಅಲ್ಲ, ಅಪ್ಪನಿಗೆ ಮೊದಲೇ ಹೇಳಿಡಿ.

ಉತ್ತರ 4: ಊಟಕ್ಕೆ "ಸೆಮ್ ಕಾರ್ನೆ, ಸೆಮ್ ಪೇಶ್" (ಮಾಂಸ ಬೇಡ, ಮೀನು ಬೇಡ) ಎಂದು ಕಲಿತುಕೊಳ್ಳಿ. ಅದರ ಜೊತೆ "ಸೆಮ್ ಶೊರಿಸೊ" ಅನ್ನಲೇಬೇಕು. ಸೊಪ್ಪಿನ ಸೂಪಿನಲ್ಲೂ ಆ ಹಂದಿ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ, ಅದನ್ನು ಅವರು ಮಾಂಸವೆಂದು ಲೆಕ್ಕ ಹಿಡಿಯದೇ ಇರಬಹುದು. ಬೋಲು ಲೇವೆದು ಎಂಬ ದಪ್ಪ ರೊಟ್ಟಿಯ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಅಕ್ಕಿ-ಬೇಳೆ, ಸಾರಿನ ಪುಡಿ ಒಯ್ದರೆ ಅಪ್ಪ-ಅಮ್ಮನಿಗೆ ರಾತ್ರಿಯೂಟದ ಚಿಂತೆ ಇಲ್ಲ.

ಕಾರು ಆಟೊಮ್ಯಾಟಿಕ್ ಬೇಕಿದ್ದರೆ ಇವತ್ತೇ ಬುಕ್ ಮಾಡಿ, ಬೇಗ ಮುಗಿದುಹೋಗುತ್ತವೆ. ಐರ್ಲೆಂಡಿನಂತಲ್ಲ, ಅಲ್ಲಿ ಬಲಗಡೆ ಓಡಿಸಬೇಕು. ರಸ್ತೆ ಕಿರಿದು, ಎರಡೂ ಬದಿ ಹೈಡ್ರೇಂಜಿಯ ಬೇಲಿ. ತಿರುವಿನ ಆಚೆ ಹಾಲು ಕರೆಯಲು ಹೊರಟ ಹಸುಗಳ ಸಾಲೇ ಇರಬಹುದು, ಹಾರ್ನ್ ಹೊಡೆಯದೆ ನಿಂತು ದಾರಿ ಬಿಡಿ.