ಅಪ್‌ಡೇಟ್: ಕಿಲ್ಟ್ ಕೊನೆಗೂ ಸರಿಯಾಗಿ ಕೂತಿತು

ಗ್ಲಾಸ್ಗೋದ ನಮ್ಮ ಪೈಪ್ ಬ್ಯಾಂಡ್‌ನಲ್ಲಿ (ಬ್ಯಾಗ್‌ಪೈಪ್ ವಾದ್ಯದ ತಂಡ) ಕೊಟ್ಟ ಗಂಡಸರ ಅಳತೆಯ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆಯ ನೆರಿಗೆ ಲಂಗ, ನನಗೆ ಸೊಂಟದಲ್ಲಿ ಸಡಿಲ, ಹಿಂಭಾಗದಲ್ಲಿ ಬಿಗಿ ಅಂತ ಕೇಳಿದ್ದೆನಲ್ಲ, ಸರಿಹೋಯಿತು.

ಬಕಲ್ ಜರುಗಿಸಿ ಅಂದವರೇ ಜಾಸ್ತಿ. ಅದು ಆಗಲಿಲ್ಲ. ಸೊಂಟವೇನೋ ಬಿಗಿಯಾಯಿತು, ಆದರೆ ಮುಂದಿನ ನೆರಿಗೆಯಿಲ್ಲದ ಭಾಗ ಪಕ್ಕಕ್ಕೆ ಎಳೆದುಕೊಂಡು ಚೌಕಳಿಯ ಗೆರೆಗಳೆಲ್ಲ ಓರೆಯಾದವು.

ಕೆಲಸಕ್ಕೆ ಬಂದಿದ್ದು ನೆರಿಗೆಯ ಹೊಲಿಗೆ ಬಿಚ್ಚಿಸಿ ಅಂದ ಅಕ್ಕನ ಸಲಹೆ. ಥ್ಯಾಂಕ್ಸ್ ಅಕ್ಕ! ಹಿಂದೆ 27 ನೆರಿಗೆ ಇವೆ. ದರ್ಜಿ ಪ್ರತಿಯೊಂದನ್ನೂ ಸೊಂಟದ ಹತ್ತಿರ 3 ಮಿಲಿಮೀಟರ್ ಒಳಗೆ ಹಿಡಿದರು. ಒಟ್ಟು 8 ಸೆಂಟಿಮೀಟರ್ ಇಳಿಯಿತು! ಕೆಳಗೆ ಅಗಲ ಇರುವ ಕಡೆ ಚೂರು ಚೂರೇ ಬಿಟ್ಟರು. ಎಲ್ಲಾ ಕೈಹೊಲಿಗೆ, ಹಾಗಾಗಿ ಕೂಲಿಯೂ ಜಾಸ್ತಿನೇ.

ಆಶ್ಚರ್ಯ ಅಂದರೆ, ಇದಕ್ಕೆ ಕೆಳಗೆ ಮಡಿಚಿ ಹೊಲಿದ ಅಂಚೇ ಇಲ್ಲ. ನೇಯ್ದ ಬಟ್ಟೆಯ ಅಂಚು ಹಾಗೇ ಇರುತ್ತದೆ. ಉದ್ದ ಕಮ್ಮಿ ಮಾಡುವುದು ಮೇಲಿನಿಂದ!

ಹೊಸದು ಹೊಲಿಸುವವರು ಸುಮ್ನೆ ಜೀನ್ಸ್ ಸೈಜ್ ಹೇಳಬೇಡಿ. ಹೊಕ್ಕುಳ ಮಟ್ಟದ ಸುತ್ತಳತೆ, ಹಿಂಭಾಗ ತೀರಾ ಅಗಲ ಇರುವಲ್ಲಿನ ಸುತ್ತಳತೆ, ಸೊಂಟದಿಂದ ಮಂಡಿಚಿಪ್ಪಿನ ಮಧ್ಯಕ್ಕೆ ಉದ್ದ, ಇವಿಷ್ಟು ಬೇಕು.

ಹೆಂಗಸರ ಕಿಲ್ಟ್ ಎಡಕ್ಕೆ ತೆರೆಯಬೇಕಲ್ವಾ ಅಂತ ಇಲ್ಲಿ ಯಾರೋ ಕೇಳಿದ್ದರು. ನಮ್ಮ ಬ್ಯಾಂಡ್‌ನಲ್ಲಿ ಎಲ್ಲರದ್ದೂ ಬಲಕ್ಕೇ, ಹಾಗೇ ಬಿಟ್ಟೆ.