ಗರ್ಭನಿರೋಧಕ ಮಾತ್ರೆ ಜೊತೆ ಸಪ್ಲಿಮೆಂಟ್: ಎರಡು ಗಂಟೆ ಬಿಟ್ಟು ತಗೊಂಡ್ರೆ ಸಾಕಾ?

ಪ್ರಶ್ನೆ

ಮಾತ್ರೆಯಲ್ಲಿ ಎಥಿನೈಲ್ ಎಸ್ಟ್ರಡಯಾಲ್ 30 ಮೈಕ್ರೋಗ್ರಾಂ, ಡ್ರೋಸ್ಪಿರೆನೋನ್ 3 ಮಿಲಿಗ್ರಾಂ ಇದೆ. ದಿನಾ ರಾತ್ರಿ 9ಕ್ಕೆ, ಒಂದು ದಿನವೂ ತಪ್ಪಿಲ್ಲ. ಜೊತೆಗೆ ಐರನ್, ವಿಟಮಿನ್ ಡಿ, ಮೆಗ್ನೀಸಿಯಂ, ಕೂದಲಿಗೆ ಬಯೋಟಿನ್ 10,000 ಮೈಕ್ರೋಗ್ರಾಂ, ಮತ್ತೆ ಮೂರು ವಾರದಿಂದ "ಮನಸ್ಸಿನ ನೆಮ್ಮದಿಗೆ" ಅಂತ ಬರೆದಿರೋ ಗಿಡಮೂಲಿಕೆ ಕ್ಯಾಪ್ಸೂಲ್. ಎಲ್ಲಕ್ಕೂ ಮಾತ್ರೆಯಿಂದ ಎರಡು ಗಂಟೆ ಅಂತರ ಇದೆ. ಆದರೂ ವರ್ಷದಿಂದ ಇಲ್ಲದ ಸ್ಪಾಟಿಂಗ್ (ಮುಟ್ಟಿನ ದಿನ ಅಲ್ಲದಾಗ ಹನಿ ಹನಿ ರಕ್ತ) ಈ ಸಲ ಪ್ಯಾಕಿನ ಮಧ್ಯದಲ್ಲಿ ಶುರುವಾಗಿದೆ. ಅಂತರ ಇನ್ನೂ ಹೆಚ್ಚು ಮಾಡಬೇಕಾ?

ಉತ್ತರ 1

ಉಳಿದದ್ದೆಲ್ಲ ಆಮೇಲೆ. ಮೊದಲು ಆ ಕ್ಯಾಪ್ಸೂಲ್ ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಮುಂದೆ ಏನೇ ಹೆಸರಿರಲಿ, ಹಿಂದೆ "ಸೇಂಟ್ ಜಾನ್ಸ್ ವರ್ಟ್" ಅಥವಾ "ಹೈಪೆರಿಕಮ್ ಪರ್ಫೊರೇಟಮ್" ಅಂತ ಇದ್ದರೆ ಸ್ಪಾಟಿಂಗಿಗೆ ಕಾರಣ ಬಹುಶಃ ಅದೇ.

ಇದಕ್ಕೆ ಎರಡಲ್ಲ, ಹನ್ನೆರಡು ಗಂಟೆ ಅಂತರ ಕೊಟ್ಟರೂ ಉಪಯೋಗ ಇಲ್ಲ. ಇದು ಹೊಟ್ಟೆಯಲ್ಲಿ ಮಾತ್ರೆಗೆ ಅಡ್ಡ ಬರೋದಲ್ಲ. ಸಿವೈಪಿ3ಎ4 ಅನ್ನೋ ಕಿಣ್ವವನ್ನ ಲಿವರ್ ಮತ್ತು ಕರುಳು ಜಾಸ್ತಿ ತಯಾರಿಸೋ ಹಾಗೆ ಮಾಡುತ್ತೆ. ಆ ಕಿಣ್ವ ಮಾತ್ರೆಯ ಹಾರ್ಮೋನನ್ನ ಬೇಗ ಬೇಗ ಒಡೆದು ಹೊರಗೆ ಹಾಕುತ್ತೆ. ರಕ್ತದಲ್ಲಿ ಹಾರ್ಮೋನ್ ಇಳಿದಾಗ ಗರ್ಭಕೋಶದ ಒಳಪದರ ಸ್ವಲ್ಪ ಸ್ವಲ್ಪ ಕಳಚಿ ಸ್ಪಾಟಿಂಗ್ ಆಗುತ್ತೆ. ಹಾಗಂತ ಸ್ಪಾಟಿಂಗ್ ಇಲ್ಲ ಅಂದ್ರೆ ರಕ್ಷಣೆ ಇದೆ ಅಂತಲೂ ಅಲ್ಲ.

ನಿಲ್ಲಿಸಿದ ಮಾರನೇ ದಿನವೇ ಲಿವರ್ ಹಳೇ ಸ್ಥಿತಿಗೆ ಬರಲ್ಲ. ಕೊನೇ ಕ್ಯಾಪ್ಸೂಲ್ ಆದ ಮೇಲೆ 28 ದಿನ ಕಾಂಡೋಮ್ ಬೇಕೇ ಬೇಕು. ಮಾತ್ರೆ ಎಂದಿನಂತೆ ನಡೀಲಿ. ಈ ಮೂರು ವಾರದಲ್ಲಿ ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದ್ದರೆ, ಕೊನೇ ಸಲದಿಂದ 21 ದಿನ ಬಿಟ್ಟು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಸಂಪರ್ಕ ಆಗಿ 5 ದಿನದೊಳಗಿದ್ದರೆ ಟೆಸ್ಟಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ತುರ್ತು ಮಾತ್ರೆ ಲೆವೊನಾರ್ಜೆಸ್ಟ್ರೆಲ್‌ನ ಮೇಲೂ ಇದೇ ಪರಿಣಾಮ, 1.5 ಮಿಲಿಗ್ರಾಂ ಸಾಲದೇ ಹೋಗಬಹುದು. ಕಾಪರ್ ಟಿಗೆ ಈ ತೊಂದರೆ ಇಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಪಟ್ಟಿಯಲ್ಲಿರೋ ಬೇರೆಯವು:

ಐರನ್, ವಿಟಮಿನ್ ಡಿ, ಮೆಗ್ನೀಸಿಯಂ ಯಾವುದೂ ಗರ್ಭನಿರೋಧಕ ಮಾತ್ರೆಯ ಕೆಲಸ ಕೆಡಿಸಲ್ಲ, ಒಟ್ಟಿಗೆ ನುಂಗಿದರೂ ಪರವಾಗಿಲ್ಲ. ಎರಡು ಗಂಟೆ ಅಂತರ ಬೇಕಿರೋದು ಐರನ್ನಿಗೂ ಮೆಗ್ನೀಸಿಯಂಗೂ ನಡುವೆ, ಯಾಕಂದ್ರೆ ಮೆಗ್ನೀಸಿಯಂ ಇದ್ದಾಗ ಐರನ್ ಸರಿಯಾಗಿ ಹೀರಿಕೊಳ್ಳಲ್ಲ. ಅಂದಹಾಗೆ, ಕೆಲವು 28ರ ಪ್ಯಾಕಿನಲ್ಲಿ ಕೊನೆಯ 7 ಕಂದು ಮಾತ್ರೆಗಳು ಐರನ್ನೇ ಆಗಿರುತ್ತವೆ. ನಿಮ್ಮದರಲ್ಲಿ ಹಾಗಿದ್ದರೆ ಆ ವಾರದ ಲೆಕ್ಕ ನೋಡಿಕೊಳ್ಳಿ.

ಮೆಗ್ನೀಸಿಯಂ ಡೋಸ್ ಹೆಚ್ಚಾದರೆ ಭೇದಿ. ಒಂದೆರಡು ಸಲ ಹೋದರೆ ಚಿಂತೆ ಇಲ್ಲ. ದಿನಕ್ಕೆ ಆರೆಂಟು ಸಲ ನೀರು ನೀರಾಗಿ ಹೋದರೆ ಮಾತ್ರೆ ತಪ್ಪಿದ ಹಾಗೇ ಲೆಕ್ಕ. ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ತಕ್ಷಣ ಇನ್ನೊಂದು ಮಾತ್ರೆ. "ಡಿಟಾಕ್ಸ್" ಹೆಸರಿನ ಆಕ್ಟಿವೇಟೆಡ್ ಚಾರ್ಕೋಲ್ ಮಾತ್ರ ನಿಜವಾಗಿ ಅಂತರ ಕೇಳುವಂಥದ್ದು, ಹಾರ್ಮೋನನ್ನ ಅಂಟಿಸಿಕೊಂಡು ಹೊರಗೆ ಒಯ್ಯುತ್ತೆ. ಮಾತ್ರೆ ಆಗಿ ಕನಿಷ್ಠ 3 ಗಂಟೆ ಕಳೆದಿರಬೇಕು, ಮುಂದಿನ ಮಾತ್ರೆಗೆ 12 ಗಂಟೆ ಇರಬೇಕು.

ನೀವು ಕೇಳದೇ ಇರೋದು ಒಂದಿದೆ: ಪೊಟ್ಯಾಸಿಯಂ. ಡ್ರೋಸ್ಪಿರೆನೋನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತೆ. 3 ಮಿಲಿಗ್ರಾಂ ಅಂದ್ರೆ, ಪೊಟ್ಯಾಸಿಯಂ ಉಳಿಸೋ ಮೂತ್ರವರ್ಧಕ ಔಷಧಿ ಸ್ಪೈರೊನೊಲ್ಯಾಕ್ಟೋನ್‌ನ ಸುಮಾರು 25 ಮಿಲಿಗ್ರಾಂನಷ್ಟು. ಪೊಟ್ಯಾಸಿಯಂ ಸಪ್ಲಿಮೆಂಟ್, ಪೊಟ್ಯಾಸಿಯಂ ಕ್ಲೋರೈಡ್ ಇರೋ ಲೋ ಸೋಡಿಯಂ ಉಪ್ಪು ಇವನ್ನ ಡಾಕ್ಟರಿಗೆ ಕೇಳದೆ ಶುರು ಮಾಡಬೇಡಿ. ಕಿಡ್ನಿ ತೊಂದರೆ ಇರೋರು, ದಿನಾ ಐಬುಪ್ರೊಫೆನ್ ನುಂಗೋರು ಇನ್ನೂ ಹುಷಾರು.

ವಿಟಮಿನ್ ಸಿ ಕೂಡ ಬಿಟ್ಟುಬಿಡಿ, ಹಾರ್ಮೋನ್ ಏರುಪೇರು ಮಾಡುತ್ತೆ ಅಂತಾರೆ.

ಉತ್ತರ 3

ವಿಟಮಿನ್ ಸಿ ಮಾತು ಹಳೇದು. 1 ಗ್ರಾಂ ತಗೊಂಡರೆ ಎಸ್ಟ್ರೋಜನ್ ಏರುತ್ತೆ ಅಂತ 1980ರ ದಶಕದ ಆರಂಭದಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು, ಆಮೇಲಿನ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಬಿಡಬೇಕಾಗಿಲ್ಲ.

ಬಯೋಟಿನ್ ಬಗ್ಗೆ ಯಾರೂ ಹೇಳಲಿಲ್ಲ. ಮಾತ್ರೆಗೆ ಏನೂ ಮಾಡಲ್ಲ, ಲ್ಯಾಬ್ ರಿಪೋರ್ಟ್ ಕೆಡಿಸುತ್ತೆ. ಕೆಲವು ರಕ್ತಪರೀಕ್ಷೆಗಳು ಬಯೋಟಿನ್ ಅಂಟಿನ ಮೇಲೇ ನಡೆಯೋದರಿಂದ, 10,000 ಮೈಕ್ರೋಗ್ರಾಂ ತಗೊಳ್ಳೋರಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಸಿಜಿ (ಪ್ರೆಗ್ನೆನ್ಸಿ ಹಾರ್ಮೋನ್) ಇರೋದಕ್ಕಿಂತ ಕಡಿಮೆ ತೋರಿಸಬಹುದು. ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸೋ ಪರಿಸ್ಥಿತಿ ಇರೋದರಿಂದ ಈಗಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಪ್ರಶ್ನೆ ಕೇಳಿದವರು

ಡಬ್ಬಿ ನೋಡಿದೆ. ಹೈಪೆರಿಕಮ್ ಸಾರ 300 ಮಿಲಿಗ್ರಾಂ, ದಿನಕ್ಕೆ ಮೂರು. ನಿಲ್ಲಿಸ್ತಾ ಇದ್ದೀನಿ. ನಿದ್ದೆಗೆ ಇದರ ಬದಲು ಮೆಲಟೋನಿನ್ ನಡೆಯುತ್ತಾ?

ಉತ್ತರ 1

ಗರ್ಭನಿರೋಧಕದ ಮಟ್ಟಿಗೆ ತೊಂದರೆ ಇಲ್ಲ. ಆದರೆ ಇಲ್ಲಿ ಪರಿಣಾಮ ಉಲ್ಟಾ: ಮಾತ್ರೆಯೇ ಸಿವೈಪಿ1ಎ2 ಕಿಣ್ವವನ್ನ ತಡೆಯೋದರಿಂದ ಮೆಲಟೋನಿನ್ ರಕ್ತದಲ್ಲಿ ಹೆಚ್ಚಾಗುತ್ತೆ, ಬೆಳಿಗ್ಗೆ ಮಂಪರು ಉಳಿಯಬಹುದು. ಅತಿ ಕಡಿಮೆ ಡೋಸಿನಿಂದ ಶುರು ಮಾಡಿ. ಕೆಫೀನಿಗೂ ಇದೇ ಕಥೆ, ದೇಹದಿಂದ ಹೋಗೋಕೆ ಸುಮಾರು ಎರಡು ಪಟ್ಟು ಹೊತ್ತು ಬೇಕು. ಸಂಜೆ ಕಾಫಿ ಬಿಟ್ಟು ನೋಡಿ, ಮೆಲಟೋನಿನ್ ಬೇಕಾಗದೇ ಇರಬಹುದು. ಮನಸ್ಸು ಕುಗ್ಗಿದೆ ಅಂತ ಕ್ಯಾಪ್ಸೂಲ್ ಶುರು ಮಾಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಈ ಮಾತ್ರೆಗೆ ಅಡ್ಡ ಬರದ ಔಷಧಿಗಳಿವೆ.